ಎರಡನೇ ಸಲವೂ ಗಿಟ್ಟುವುದು ಯಾವುದು? ಒರ್ಲಾಂಡೊದ ನಾಲ್ಕು ಥೀಮ್ ಪಾರ್ಕ್ ಲೋಕಗಳ ಹೋಲಿಕೆ

ಮಾರ್ಚ್ ಹತ್ತಿರವಾದರೆ ಸಾಕು, ನಮ್ಮ ಮನೆಗೆ ಫೋನ್ ಬರಲು ಶುರುವಾಗುತ್ತದೆ. ನಾವಿರುವುದು ಟ್ಯಾಂಪಾದಲ್ಲಿ, ಒರ್ಲಾಂಡೊಗೆ ಕಾರಿನಲ್ಲಿ ಒಂದೂಕಾಲು ಗಂಟೆಯ ದಾರಿ. ಹಾಗಾಗಿ ಡಲ್ಲಾಸ್‌ನ ಗೆಳೆಯರಿರಲಿ, ನ್ಯೂಜೆರ್ಸಿಯ ನೆಂಟರಿರಲಿ, ಮಕ್ಕಳಿಗೆ ರಜೆ ಬರುತ್ತಿದ್ದಂತೆ ಕೇಳುವುದು ನಮ್ಮನ್ನೇ. ಮೊದಲ ಸಲ ಬರುವವರಿಗೆ ಉತ್ತರ ಹೇಳುವುದು ಸುಲಭ. ಎಲ್ಲವೂ ಚೆನ್ನಾಗಿವೆ, ಬನ್ನಿ ಅಂದರಾಯಿತು. ಕಷ್ಟದ ಪ್ರಶ್ನೆ ಕೇಳುವವರು ಒಮ್ಮೆ ಬಂದುಹೋದವರು. "ಹೋದ ವರ್ಷ ನೋಡಿ ಆಯ್ತಲ್ಲ, ಮತ್ತೆ ಅದಕ್ಕೇ ದುಡ್ಡು ಹಾಕೋದಾ? ವರ್ಷದ ಪಾಸ್ ತಗೊಂಡ್ರೆ ಗಿಟ್ಟುತ್ತಾ?"

ಇದಕ್ಕೆ ಒಂದೇ ಮಾತಿನ ಉತ್ತರವಿಲ್ಲ. ಆದರೆ ಪಾರ್ಕುಗಳು ಈಚೆಗೆ ಕಟ್ಟಿದ ದೊಡ್ಡ ಲೋಕಗಳಿಗೆ, ಅಂದರೆ ಒಂದೊಂದು ಸಿನಿಮಾದ ಅಥವಾ ಆಟದ ಕಥೆಯನ್ನೇ ಜಾಗವಾಗಿ ಕಟ್ಟಿದ ಭಾಗಗಳಿಗೆ, ನಾವು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ವಯಸ್ಸಿನವರನ್ನು ಕರೆದುಕೊಂಡು ಹೋಗಿ ಬಂದಿದ್ದೇವೆ. ಅವುಗಳಲ್ಲಿ ನಾಲ್ಕನ್ನು ಇಲ್ಲಿ ಹೋಲಿಸುತ್ತೇನೆ: ಯೂನಿವರ್ಸಲ್ ಸ್ಟುಡಿಯೋಸ್‌ನಲ್ಲಿರುವ ಹ್ಯಾರಿ ಪಾಟರ್‌ನ ಡಯಾಗನ್ ಅಲಿ (2014), ಡಿಸ್ನಿಯ ಆ್ಯನಿಮಲ್ ಕಿಂಗ್‌ಡಮ್‌ನ 'ಅವತಾರ್' ಸಿನಿಮಾದ ಪ್ಯಾಂಡೋರಾ (2017), ಡಿಸ್ನಿಯದೇ ಹಾಲಿವುಡ್ ಸ್ಟುಡಿಯೋಸ್‌ನ ಸ್ಟಾರ್ ವಾರ್ಸ್ ಗ್ಯಾಲಕ್ಸೀಸ್ ಎಡ್ಜ್ (2019) ಮತ್ತು 2025ರ ಮೇ 22ರಂದು ತೆರೆದ, ಯೂನಿವರ್ಸಲ್‌ನದೇ ಎಪಿಕ್ ಯೂನಿವರ್ಸ್ ಪಾರ್ಕಿನ, ಮಾರಿಯೊ ವಿಡಿಯೊ ಗೇಮಿನ ಸೂಪರ್ ನಿಂಟೆಂಡೊ ವರ್ಲ್ಡ್.

ಅಳತೆಗೋಲು ಯಾವುದು ಎಂದು ಮೊದಲೇ ಹೇಳಿಬಿಡುತ್ತೇನೆ. ನಮ್ಮಪ್ಪ ಸಾಗರದ ಕಡೆಯವರು, ಯಕ್ಷಗಾನ ಎಂದರೆ ಊಟ ಬಿಟ್ಟು ಓಡುವವರು. ಭೀಮ ಕೌರವನ ತೊಡೆ ಮುರಿಯುವ ಕಥೆ ಅವರಿಗೆ ಬಾಯಿಪಾಠ. ಆದರೂ ಅದೇ ಪ್ರಸಂಗಕ್ಕೆ ಮತ್ತೆ ಮತ್ತೆ ಹೋಗುತ್ತಿದ್ದರು. ಬೆಳಗಿನ ಜಾವ ಕಂಬಳಿ ಹೊದ್ದು ಮನೆಗೆ ಬಂದವರೇ "ಇವತ್ತು ಕೌರವ ಬೇರೆ ಥರಾನೇ ಮಾತಾಡಿದ" ಎನ್ನುತ್ತಿದ್ದರು. ಕಥೆ ಗೊತ್ತಿದ್ದೂ ಜನ ಮತ್ತೆ ಹೋಗುವುದು ಆ "ಬೇರೆ ಥರ"ಕ್ಕಾಗಿ. ಥೀಮ್ ಪಾರ್ಕಿನ ಬಗ್ಗೆಯೂ ನನ್ನ ಮೊದಲ ಪ್ರಶ್ನೆ ಇದೇ. ಮೊದಲ ಸಲದ ಬೆರಗು ಕಳೆದ ಮೇಲೆ ಇಲ್ಲಿ ಬದಲಾಗುವಂಥದ್ದು ಏನಿದೆ?

ಎರಡನೆಯ ಪ್ರಶ್ನೆ: ದೊಡ್ಡ ರೈಡಿನ ಕ್ಯೂನಲ್ಲಿ ನಿಲ್ಲದೆ ಅಲ್ಲಿ ಎರಡು ಗಂಟೆ ಸುಖವಾಗಿ ಕಳೆಯಲು ಸಾಧ್ಯವೇ? ಮೊದಲ ಸಲ ತೊಂಬತ್ತು ನಿಮಿಷ ಕಾಯಲು ಎಲ್ಲರಿಗೂ ಹುಮ್ಮಸ್ಸಿರುತ್ತದೆ, ಮೂರನೇ ಸಲಕ್ಕೆ ಇರುವುದಿಲ್ಲ. ಆಮೇಲೆ ನೆರಳು, ಕೂರುವ ಜಾಗ, ಸಸ್ಯಾಹಾರಿಗಳಿಗೆ ಊಟ, ಎತ್ತರದ ಮಿತಿಯಿಂದ ಮನೆಯವರಲ್ಲಿ ಯಾರು ಹೊರಗೆ ಉಳಿಯುತ್ತಾರೆ ಎನ್ನುವುದು. ಕೊನೆಗೆ ದುಡ್ಡು. ಮೊದಲ ಭೇಟಿಯ ಖರ್ಚು ಹೇಗೂ ಆಗಿಹೋಗಿದೆ. ನೋಡಬೇಕಾದದ್ದು ಇನ್ನೊಮ್ಮೆ ಹೋದರೆ ಕೈಯಿಂದ ಹೋಗುವುದು ಎಷ್ಟು ಎಂದು.

ಗ್ಯಾಲಕ್ಸೀಸ್ ಎಡ್ಜ್‌ನಿಂದ ಶುರುಮಾಡುತ್ತೇನೆ, ಏಕೆಂದರೆ ಈ ಪ್ರಶ್ನೆಯ ಎರಡೂ ಮುಖ ಅಲ್ಲಿ ಅಕ್ಕಪಕ್ಕದಲ್ಲೇ ಕಾಣುತ್ತವೆ. ಹದಿನಾಲ್ಕು ಎಕರೆಯ ಜಾಗದಲ್ಲಿ ಎರಡು ರೈಡ್‌ಗಳಿವೆ. ರೈಸ್ ಆಫ್ ದಿ ರೆಸಿಸ್ಟೆನ್ಸ್ ನಾನು ಕಂಡ ಅತಿ ಅದ್ಭುತವಾದ ರೈಡ್. ಒಂದು ಹಂತ ಮುಗಿದು ಇನ್ನೊಂದಕ್ಕೆ ದಾಟುತ್ತ ಹದಿನೈದು ಇಪ್ಪತ್ತು ನಿಮಿಷ ನಡೆಯುತ್ತದೆ. ನಡುವೆ ಒಮ್ಮೆ ಬಾಗಿಲು ತೆರೆದರೆ ಎದುರಿಗೆ ಬಾಹ್ಯಾಕಾಶ ಹಡಗಿನ ದೊಡ್ಡ ಅಂಗಳ, ಅದರಲ್ಲಿ ಸಾಲಾಗಿ ನಿಂತ ಐವತ್ತು ಸ್ಟಾರ್ಮ್‌ಟ್ರೂಪರ್ ಸೈನಿಕರು. ಆ ಗಳಿಗೆಯಲ್ಲಿ ಮಗಳು ನನ್ನ ಕೈಯನ್ನು ಅದುಮಿ ಹಿಡಿದ ಬಿಗಿ ಇನ್ನೂ ನೆನಪಿದೆ. ಎರಡನೇ ಸಲ ಹೋದಾಗ ಬಾಗಿಲು ತೆರೆಯುವ ಮುಂಚೆಯೇ ಅವಳು ತಮ್ಮನ ಕಿವಿಯಲ್ಲಿ ಹೇಳಿದ್ದೂ ನೆನಪಿದೆ: "ಈಗ ನೋಡು, ತುಂಬಾ ಜನ ನಿಂತಿರ್ತಾರೆ." ರೈಡಿನ ಶಕ್ತಿಯೆಲ್ಲ ಇರುವುದು ಆ ಅನಿರೀಕ್ಷಿತದಲ್ಲಿ. ಗೊತ್ತಾದ ಮೇಲೂ ಚೆನ್ನಾಗಿಯೇ ಇರುತ್ತದೆ, ಆದರೆ ಅದಕ್ಕಾಗಿ ಮತ್ತೊಂದು ಟಿಕೆಟ್ ಕೊಳ್ಳಲು ಮನಸ್ಸು ಎಳೆಯುವುದಿಲ್ಲ. ಹೊಸಬರನ್ನು ಕರೆದುಕೊಂಡು ಹೋಗಿ ಅವರ ಮುಖ ನೋಡಬೇಕು ಎಂದಿದ್ದರೆ ಮಾತು ಬೇರೆ.

ಪಕ್ಕದ ಮಿಲೇನಿಯಂ ಫಾಲ್ಕನ್: ಸ್ಮಗ್ಲರ್ಸ್ ರನ್ ಇದಕ್ಕೆ ತದ್ವಿರುದ್ಧ. ಮೊದಲ ನೋಟಕ್ಕೆ ಅಷ್ಟೇನೂ ಅನ್ನಿಸುವುದಿಲ್ಲ. ಆರು ಜನ ಒಂದು ಹಡಗಿನ ಕಾಕ್‌ಪಿಟ್‌ನಲ್ಲಿ ಕೂರುತ್ತೀರಿ: ಇಬ್ಬರು ಪೈಲಟ್, ಇಬ್ಬರು ಗುರಿಕಾರರು, ಇಬ್ಬರು ಎಂಜಿನಿಯರ್. ಎಡಗಡೆಯ ಪೈಲಟ್ ಹಡಗನ್ನು ಎಡಬಲಕ್ಕೆ ತಿರುಗಿಸಿದರೆ, ಬಲಗಡೆಯವರು ಮೇಲೆ ಕೆಳಗೆ ಮಾಡುತ್ತಾರೆ. ನೀವು ಎಷ್ಟು ಡಿಕ್ಕಿ ಹೊಡೆದಿರಿ, ಎಷ್ಟು ಸರಕು ತಂದಿರಿ ಎನ್ನುವುದು ಲೆಕ್ಕವಾಗುತ್ತದೆ. ಮೊದಲ ಸಲ ನಮಗೆ ಸಿಕ್ಕಿದ್ದು ಹಿಂದಿನ ಎಂಜಿನಿಯರ್ ಸೀಟು. ಬೆಳಕು ಹತ್ತಿದ ಗುಂಡಿ ಒತ್ತುವುದರಲ್ಲೇ ಮುಗಿದುಹೋಯಿತು, ಮುಂದಿನ ಗಾಜಿನಲ್ಲಿ ಏನಾಯಿತೆಂದು ಸರಿಯಾಗಿ ನೋಡಲೂ ಆಗಲಿಲ್ಲ. ಮೂರನೇ ಸಲ ಅಕ್ಕ ಎಡಕ್ಕೆ, ತಮ್ಮ ಬಲಕ್ಕೆ ಪೈಲಟ್‌ಗಳಾಗಿ ಕೂತರು. ಅವಳು ತಿರುಗಿಸುತ್ತಾಳೆ, ಅವನು ಮೇಲೆತ್ತುವುದಿಲ್ಲ. "ಎತ್ತೋ, ಎತ್ತೋ!" ಎಂದು ಅವಳು, ಹಿಂದಿನಿಂದ ನಮ್ಮ ಯಜಮಾನರು, ಜೊತೆಗಿದ್ದ ಅಪರಿಚಿತ ದಂಪತಿ, ಎಲ್ಲರೂ ಕೂಗಿದ್ದೇ ಕೂಗಿದ್ದು. ಸೀಟು ಬದಲಾದರೆ ರೈಡೇ ಬದಲಾಗುತ್ತದೆ, ಜೊತೆಯವರು ಬದಲಾದರೆ ಇನ್ನೂ ಬದಲಾಗುತ್ತದೆ. 2026ಕ್ಕೆ ಇದರಲ್ಲಿ ಮ್ಯಾಂಡಲೋರಿಯನ್ ಕಥೆಯ ಹೊಸ ಯಾನ ಸೇರಿಸುವುದಾಗಿ ಡಿಸ್ನಿ ಘೋಷಿಸಿರುವುದೂ ಮರಳಿ ಹೋಗುವವರ ಪಾಲಿಗೆ ಒಳ್ಳೆಯದೇ. ಬದಲಾಯಿಸಲು ಬರುವಂತೆ ಕಟ್ಟಿದ ರೈಡ್‌ಗೆ ಆಯಸ್ಸು ಹೆಚ್ಚು. ಅದೇ ಪಾರ್ಕಿನ ಹಳೆಯ ಸ್ಟಾರ್ ಟೂರ್ಸ್ 2011ರಿಂದ ಬೇರೆ ಬೇರೆ ದೃಶ್ಯಗಳನ್ನು ಕಲಸಿ ತೋರಿಸುತ್ತಿದೆ. ನಾವು ಎಷ್ಟೋ ಸಲ ಕೂತಿದ್ದೇವೆ, ಈಗಲೂ ನೋಡದ ಜೋಡಣೆ ಸಿಗುತ್ತದೆ.

ರೈಡ್ ಬಿಟ್ಟು ಸುಮ್ಮನೆ ಅಡ್ಡಾಡುವುದಕ್ಕೆ ಗ್ಯಾಲಕ್ಸೀಸ್ ಎಡ್ಜ್ ಅಷ್ಟು ಒದಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಕಟ್ಟಿದ ಕೆಲಸ ಅಪ್ಪಟ. ಗೋಡೆಯ ಮೇಲಿನ ಗುಂಡಿನ ಗುರುತು, ನೆಲದಲ್ಲಿ ರೋಬಾಟ್ ಚಕ್ರ ಉರುಳಿದ ಗೆರೆ, ಎಲ್ಲವನ್ನೂ ಪ್ರೀತಿಯಿಂದ ಮಾಡಿದ್ದಾರೆ. ಗಸ್ತು ತಿರುಗುವ ಸೈನಿಕರು ಮಕ್ಕಳನ್ನು ತಡೆದು ವಿಚಾರಿಸುವುದಂತೂ ಪ್ರತಿಸಲವೂ ಬೇರೆ. ಅಪ್ಪ ಹೇಳುತ್ತಿದ್ದ ಮಾತುಗಾರಿಕೆ ಅಲ್ಲಿರುವುದು ಅಷ್ಟೇ ಹೊತ್ತು. ಉಳಿದ ಸಮಯದಲ್ಲಿ ಅದು ಅಂಗಡಿ ಬೀದಿ. ನೆರಳೂ ಕಡಿಮೆ. ಸಾವಿ ಎಂಬವನ ಅಂಗಡಿಯಲ್ಲಿ ಲೈಟ್‌ಸೇಬರ್ ಎಂಬ ಬೆಳಕಿನ ಕತ್ತಿ ಕಟ್ಟಿಸುವುದು ಮರೆಯಲಾಗದ ಅನುಭವವೇ, ಆದರೆ ಇನ್ನೂರು ಡಾಲರ್ ಮೀರುವ ಆ ಖರ್ಚನ್ನು ಮನೆಗೊಮ್ಮೆ ಮಾಡಿದರೆ ಸಾಕು.

ಡಯಾಗನ್ ಅಲಿ ಈ ನಾಲ್ಕರಲ್ಲಿ ಅತಿ ಹಳೆಯದು, ಆದರೂ ನಾವು ಅತಿ ಹೆಚ್ಚು ಸಲ ಹೋಗಿರುವುದು ಅಲ್ಲಿಗೇ. ಹೊರಗಿನಿಂದ ಲಂಡನ್ನಿನ ಕಟ್ಟಡಗಳ ಸಾಲಷ್ಟೇ ಕಾಣುತ್ತದೆ. ಇಟ್ಟಿಗೆ ಗೋಡೆಯ ಸಂದಿಯಲ್ಲಿ ನುಗ್ಗಿ ತಿರುಗಿದರೆ ಇಡೀ ಓಣಿ, ಅದರ ತುದಿಯಲ್ಲಿ ಗ್ರಿಂಗಾಟ್ಸ್ ಬ್ಯಾಂಕಿನ ಮೇಲೆ ಕೂತ ಡ್ರ್ಯಾಗನ್. ಆಗಾಗ ಅದು ಗುಡುಗಿ ಬೆಂಕಿ ಉಗುಳುತ್ತದೆ, ಕೆಳಗೆ ನಿಂತವರ ಮುಖಕ್ಕೆ ಬಿಸಿ ತಾಗುತ್ತದೆ.

ಇಲ್ಲಿ ಕ್ಯೂ ಇಲ್ಲದೆ ಮಾಡಲು ಕೆಲಸವಿದೆ. ಅದು ಮಂತ್ರದಂಡದ ಕೆಲಸ. ಸೆನ್ಸರ್‌ಗೆ ಸಿಗುವ ದಂಡ ಕೊಂಡರೆ ಜೊತೆಗೆ ನಕ್ಷೆ ಕೊಡುತ್ತಾರೆ. ನೆಲದಲ್ಲಿ ಹಿತ್ತಾಳೆ ಬಣ್ಣದ ಬಿಲ್ಲೆಗಳಿರುತ್ತವೆ, ಅದರ ಮೇಲೆ ನಿಂತು ಬಿಲ್ಲೆಯಲ್ಲಿ ಕೊರೆದ ಗೆರೆಯಂತೆ ದಂಡ ಆಡಿಸಿದರೆ ಎದುರಿನ ಕಿಟಕಿಯಲ್ಲಿ ಏನೋ ನಡೆಯುತ್ತದೆ. ಒಂದು ಕಡೆ ಕೊಡೆಯಿಂದ ಮಳೆ ಸುರಿಯುತ್ತದೆ, ಇನ್ನೊಂದು ಕಡೆ ಕಾರಂಜಿಯ ಮತ್ಸ್ಯಕನ್ಯೆ ನಮ್ಮ ಮೇಲೇ ನೀರು ಚಿಮ್ಮುತ್ತಾಳೆ. ಮಗಳು ಒಂದು ಕಿಟಕಿಯ ಮುಂದೆ ಏಳು ಸಲ ದಂಡ ಬೀಸಿದಳು, ಏನೂ ಆಗಲಿಲ್ಲ. ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ನಿಲುವಂಗಿ ತೊಟ್ಟ ಅಲ್ಲಿನ ಕೆಲಸದಾಕೆ ಬಂದು ಮಂಡಿಯೂರಿ ಕೂತು, ಇಡೀ ತೋಳು ಬೀಸಬೇಡ, ಮಣಿಕಟ್ಟನ್ನಷ್ಟೇ ತಿರುಗಿಸು ಎಂದು ಹಿಡಿದು ತೋರಿಸಿದಳು. ಎಂಟನೇ ಸಲಕ್ಕೆ ಕಿಟಕಿಯೊಳಗಿನ ವಸ್ತು ಕುಣಿಯಿತು. ಅವತ್ತಿನಿಂದ ಅವಳು ಸಣ್ಣ ಮಕ್ಕಳು ಸೋತಲ್ಲೆಲ್ಲ ನಿಂತು ಮಣಿಕಟ್ಟಿನ ಪಾಠ ಹೇಳಿಕೊಡುತ್ತಾಳೆ. ದಂಡಕ್ಕೆ ಅರವತ್ತು ಡಾಲರಿಗೂ ಹೆಚ್ಚು, ಒಮ್ಮೆಗೆ ಭಾರ ಅನ್ನಿಸುತ್ತದೆ. ಆದರೆ ವರ್ಷಗಟ್ಟಲೆ ನಡೆಯುತ್ತದೆ, ಅದೇ ದಂಡ ಪಕ್ಕದ ಪಾರ್ಕಿನಲ್ಲಿರುವ ಹ್ಯಾರಿ ಪಾಟರ್‌ನ ಇನ್ನೊಂದು ಲೋಕ ಹಾಗ್ಸ್‌ಮೀಡ್‌ನಲ್ಲೂ ಕೆಲಸ ಮಾಡುತ್ತದೆ. ಮತ್ತೆ ಮತ್ತೆ ಹೋಗುವವರಿಗೆ ಮಾತ್ರ ಅಸಲಾಗುವ ಖರ್ಚು ಇದು.

ಓಣಿ ಕಿರಿದು, ಕಟ್ಟಡ ಎತ್ತರ. ಹಾಗಾಗಿ ಮಧ್ಯಾಹ್ನವೂ ನೆರಳು ಸಿಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಫ್ಲಾರಿಡಾದಲ್ಲಿ ಸಂಜೆಯ ಮುಂಚೆ ಗುಡುಗು ಮಳೆ ಬರುವುದು ಮಾಮೂಲು. ಗುಡುಗಿದರೆ ಬಯಲಿನ ರೈಡ್‌ಗಳನ್ನು ನಿಲ್ಲಿಸುತ್ತಾರೆ. ಇಲ್ಲಿಯಾದರೆ ಕಾರ್ಕಿಟ್ ಮಾರ್ಕೆಟ್ಟಿನ ಮಾಡಿನ ಕೆಳಗೆ ನಿಂತು ಹಾಡಿನ ಪ್ರದರ್ಶನವನ್ನೋ ಬೊಂಬೆಯಾಟವನ್ನೋ ನೋಡಬಹುದು. ಬಟರ್‌ಬಿಯರ್ ಹೆಸರು ಕೇಳಿ ನಮ್ಮ ಅತ್ತೆ ಮೊಮ್ಮಕ್ಕಳ ಕೈಯಿಂದ ಲೋಟ ಕಿತ್ತುಕೊಂಡಿದ್ದರು. ಅದರಲ್ಲಿ ಮದ್ಯ ಇಲ್ಲ, ಸಿಹಿ ಪಾನೀಯ ಅಷ್ಟೇ ಎಂದು ಹಿರಿಯರಿಗೆ ಮೊದಲೇ ಹೇಳಿಬಿಡಿ. ಊಟ ಮಾತ್ರ ಸಸ್ಯಾಹಾರಿಗಳಿಗೆ ಸಪ್ಪೆ.

ಡಯಾಗನ್ ಅಲಿಯ ದೊಡ್ಡ ತೊಡಕು ಎರಡು. ಗ್ರಿಂಗಾಟ್ಸ್ ರೈಡ್‌ಗೆ 107 ಸೆಂ.ಮೀ. ಎತ್ತರ ಬೇಕು. ಮಗ ಎರಡು ಸೆಂಟಿಮೀಟರಿಗೆ ತಪ್ಪಿಸಿಕೊಂಡು ಅವತ್ತೆಲ್ಲ ಮುಖ ಊದಿಸಿಕೊಂಡಿದ್ದ. ಇನ್ನೊಂದು, ಇಲ್ಲಿಂದ ಹಾಗ್ಸ್‌ಮೀಡ್ ಇರುವ ಪಾರ್ಕಿಗೆ ಓಡುವ ಹಾಗ್ವಾರ್ಟ್ಸ್ ಎಕ್ಸ್‌ಪ್ರೆಸ್ ರೈಲು ಹತ್ತಬೇಕಾದರೆ ಎರಡು ಪಾರ್ಕಿಗೂ ಒಂದೇ ದಿನ ಹೋಗಬಹುದಾದ ದುಬಾರಿ ಟಿಕೆಟ್ ಬೇಕೇ ಬೇಕು. ಹೋಗುವಾಗ ಕಿಟಕಿಯಾಚೆ ಕಾಣುವ ದೃಶ್ಯಗಳು ಒಂದು, ಬರುವಾಗ ಕಾಣುವುದು ಇನ್ನೊಂದು. ಒಮ್ಮೆ ಆ ಟಿಕೆಟ್ ಕೊಂಡು ಎರಡೂ ಕಡೆ ಪ್ರಯಾಣ ಮುಗಿಸಿ. ಮುಂದಿನ ಭೇಟಿಗೆ ಒಂದೇ ಪಾರ್ಕಿನ ಟಿಕೆಟ್ ಸಾಕು.

ಸೂಪರ್ ನಿಂಟೆಂಡೊ ವರ್ಲ್ಡ್ ಮರಳಿ ಬರಲೆಂದೇ ಕಟ್ಟಿದ ಜಾಗ. ಒಸಾಕಾದಲ್ಲಿ 2021ರಲ್ಲಿ, ಹಾಲಿವುಡ್ಡಿನಲ್ಲಿ 2023ರಲ್ಲಿ ತೆರೆದು, ಒರ್ಲಾಂಡೊಗೆ ಬರುವಾಗ ಡಾಂಕಿ ಕಾಂಗ್‌ನ ಗಣಿಬಂಡಿಯ ಕೋಸ್ಟರನ್ನೂ ಜೊತೆಗೆ ತಂದಿದೆ. ಕೈಗೆ ಪವರ್-ಅಪ್ ಬ್ಯಾಂಡ್ ಕಟ್ಟಿಕೊಂಡು ಗೋಡೆಯ ಮೇಲಿನ ಪೆಟ್ಟಿಗೆಗಳನ್ನು ಗುದ್ದಿದರೆ ನಾಣ್ಯ ಸೇರುತ್ತದೆ. ಸಣ್ಣ ಸಣ್ಣ ಸವಾಲು ಗೆದ್ದು ಮೂರು ಬೀಗದ ಕೈ ಗಳಿಸಿದರೆ ಆಟದ ಖಳ ಬೌಸರ್ ಜೂನಿಯರ್ ಜೊತೆ ಕೊನೆಯ ಕಾಳಗ. ಲೆಕ್ಕವೆಲ್ಲ ಫೋನಿನ ಆ್ಯಪ್‌ನಲ್ಲಿ ಉಳಿಯುತ್ತದೆ, ಮುಂದಿನ ಸಲ ಬಿಟ್ಟಲ್ಲಿಂದ ಮುಂದುವರಿಸಬಹುದು. ಮಾರಿಯೊ ಕಾರ್ಟ್ ರೈಡ್‌ನಲ್ಲೂ ಕನ್ನಡಕದಂಥ ಸಾಧನ ಹಾಕಿಕೊಂಡು ನಾವೇ ಗುರಿಯಿಟ್ಟು ಎಸೆಯಬೇಕು, ಕೊನೆಗೆ ಅಂಕ ಬರುತ್ತದೆ. ಎಂಟರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಇದಕ್ಕಿಂತ ಬೇರೆ ಎಳೆತ ಬೇಕಿಲ್ಲ.

ಆದರೆ ಒಂದನ್ನು ಕಣ್ಣಾರೆ ಕಂಡೆ. ಆ ಸವಾಲುಗಳಿಗೂ ಕ್ಯೂ ಇರುತ್ತದೆ. ಬ್ಯಾಂಡ್ ಇಲ್ಲದವರಿಗೆ ಯಾವ ಗುದ್ದೂ ಲೆಕ್ಕಕ್ಕಿಲ್ಲ. ಇಬ್ಬರು ಮಕ್ಕಳಿದ್ದರೆ ಎರಡು ಬ್ಯಾಂಡ್ ಕೊಳ್ಳಲೇಬೇಕು, ಒಂದರಲ್ಲಿ ಸುಧಾರಿಸುತ್ತೇವೆ ಎಂದು ಹೊರಟರೆ ದಿನವೆಲ್ಲ ಜಗಳ ಬಿಡಿಸುವುದೇ ಆಗುತ್ತದೆ. ಜಾಗವೂ ಬಾವಿಯ ತಳದ ಹಾಗೆ ಸುತ್ತ ಎತ್ತರ, ನಡುವೆ ಬಯಲು. ಮಧ್ಯಾಹ್ನದ ಬಿಸಿಲಿಗೆ ದೊಡ್ಡವರು ಬೆಂದುಹೋಗುತ್ತಾರೆ. ಆಟವಾಡದವರಿಗೆ ಅಲ್ಲಿ ಎರಡನೇ ಭೇಟಿಗೆ ಕಾರಣವಿಲ್ಲ. ಅತ್ತೆ ಒಂದು ಸುತ್ತು ನೋಡಿ, ಬಣ್ಣ ಚೆನ್ನಾಗಿದೆ ಎಂದು ಹೇಳಿ ಹೊರಗಿನ ಸೆಲೆಸ್ಟಿಯಲ್ ಪಾರ್ಕಿನ ಕಾರಂಜಿಯ ಹತ್ತಿರ ಹೋಗಿ ಕೂತರು. ಸಂಜೆ ಅಲ್ಲೇ ಕೂತು ಕಾರಂಜಿ ಕುಣಿಯುವುದನ್ನು ನೋಡಿದ್ದು ಅವರಿಗೆ ಹೆಚ್ಚು ಹಿಡಿಸಿತು.

ಪ್ಯಾಂಡೋರಾದಲ್ಲಿ ಹೊಸದೇನೂ ಸೇರುವುದಿಲ್ಲ. ಫ್ಲೈಟ್ ಆಫ್ ಪ್ಯಾಸೇಜ್‌ನಲ್ಲಿ ದೊಡ್ಡ ಹಕ್ಕಿಯ ಬೆನ್ನೇರಿ ಹಾರುವ ಅನುಭವ ಎದೆ ತುಂಬಿಸುತ್ತದೆ, ಆದರೆ ಪರದೆಯ ಮೇಲಿನ ಚಿತ್ರ ಪ್ರತಿಸಲವೂ ಅದೇ. ಎತ್ತರವೂ 112 ಸೆಂ.ಮೀ. ಇರಬೇಕು. ದೋಣಿಯ ರೈಡ್‌ಗೆ ಎತ್ತರದ ಮಿತಿಯಿಲ್ಲ, ನಾಲ್ಕೈದು ನಿಮಿಷದಲ್ಲಿ ಮುಗಿಯುತ್ತದೆ. ನನ್ನ ಮೊದಲ ಅಳತೆಗೋಲಿನಲ್ಲಿ ಇದು ಸೋಲಬೇಕಿತ್ತು. ಸೋಲದಿರುವುದು ಕತ್ತಲಿನಿಂದಾಗಿ. ಹಗಲು ನೋಡಿದ ಜಾಗ ರಾತ್ರಿ ಅದೇ ಜಾಗವಾಗಿರುವುದಿಲ್ಲ. ಗಿಡಗಳು ನೀಲಿ ನೇರಳೆಯಾಗಿ ಹೊಳೆಯುತ್ತವೆ, ಕಾಲ ಕೆಳಗಿನ ನೆಲವೇ ಮಿಣುಕುತ್ತದೆ, ನೀರಿನ ಸದ್ದು ಎತ್ತ ತಿರುಗಿದರೂ ಕೇಳುತ್ತದೆ.

ಇದಕ್ಕೆ ಒಂದು ಲೆಕ್ಕ ಗೊತ್ತಿರಬೇಕು. ಆ್ಯನಿಮಲ್ ಕಿಂಗ್‌ಡಮ್ ಉಳಿದ ಪಾರ್ಕುಗಳಿಗಿಂತ ಬೇಗ ಮುಚ್ಚುತ್ತದೆ. ಜೂನ್‌ನಲ್ಲಿ ಒರ್ಲಾಂಡೊದಲ್ಲಿ ಸೂರ್ಯ ಮುಳುಗುವುದೇ ಎಂಟೂಕಾಲರ ಮೇಲೆ, ಹೊಳಪು ಕಾಣುವ ಹೊತ್ತಿಗೆ ಗೇಟಿನ ಕಡೆ ಹೊರಡಬೇಕಾಗುತ್ತದೆ. ಡಿಸೆಂಬರಿನಲ್ಲಿ ಐದೂವರೆಗೇ ಸಂಜೆ. ಬೇಸಿಗೆ ರಜೆಯಲ್ಲಿ ಬಂದು "ಏನೂ ಹೊಳೀಲಿಲ್ಲ" ಎಂದವರಿಗೆಲ್ಲ ನಾನು ಹೇಳುವುದು ಚಳಿಗಾಲದಲ್ಲಿ ಇನ್ನೊಮ್ಮೆ ಬನ್ನಿ ಎಂದೇ. ಊಟದಲ್ಲೂ ನಾಲ್ಕರಲ್ಲಿ ಪ್ಯಾಂಡೋರಾವೇ ಮುಂದು. ಸತುಲಿ ಕ್ಯಾಂಟೀನಿನಲ್ಲಿ ತೋಫು ಹಾಕಿಸಿಕೊಂಡು ಅನ್ನದ ಬೋಗುಣಿ ತೆಗೆದುಕೊಂಡರೆ ಸಸ್ಯಾಹಾರಿಗಳ ಹೊಟ್ಟೆ ನಿಜವಾಗಿ ತುಂಬುತ್ತದೆ.

ಈಗ ದುಡ್ಡಿನ ಮಾತು. 2025ರಲ್ಲಿ ಡಿಸ್ನಿಯ ಒಂದು ದಿನದ ಟಿಕೆಟ್ ದಿನ ಮತ್ತು ಪಾರ್ಕ್ ನೋಡಿಕೊಂಡು 119 ಡಾಲರ್‌ನಿಂದ ಸುಮಾರು 200 ಡಾಲರ್‌ವರೆಗೆ ಇತ್ತು. ಫ್ಲಾರಿಡಾದ ಹೊರಗಿನ ಸಾಮಾನ್ಯರು ಕೊಳ್ಳಬಹುದಾದ ವಾರ್ಷಿಕ ಪಾಸ್ ಎಂದರೆ ಎಲ್ಲಕ್ಕಿಂತ ದುಬಾರಿಯಾದ ಇನ್‌ಕ್ರೆಡಿ-ಪಾಸ್ ಒಂದೇ. 2024ರ ಅಕ್ಟೋಬರ್‌ನಲ್ಲಿ ಅದರ ಬೆಲೆ 1,549 ಡಾಲರ್ ಆಯಿತು. ಆ ಬೆಲೆಯಲ್ಲಿ ನಾಲ್ವರ ಮನೆಗೆ 6,196 ಡಾಲರ್. ವರ್ಷಕ್ಕೆ ಹತ್ತು ದಿನವಾದರೂ ಪಾರ್ಕಿನೊಳಗೆ ಇಲ್ಲದಿದ್ದರೆ ಅದು ಅಸಲಾಗದು. ಡಲ್ಲಾಸ್‌ನಿಂದ ವಿಮಾನ ಹತ್ತಿ ಬರುವವರು ಪಾಸಿನ ಆಸೆ ಬಿಡುವುದೇ ಒಳ್ಳೆಯದು. ಅದರ ಬದಲು ಒಂದು ದಿನ ಹೆಚ್ಚಿಗೆ ಇರುವ ಟಿಕೆಟ್ ಕೊಳ್ಳಿ. ದಿನ ಹೆಚ್ಚಿದಂತೆ ದಿನಕ್ಕೆ ಬೀಳುವ ಬೆಲೆ ಇಳಿಯುತ್ತದೆ. ಇನ್ನೊಂದು ಉಪಾಯಕ್ಕೆ ಕಾಸೂ ಖರ್ಚಿಲ್ಲ. ಬೆಳಿಗ್ಗೆ ಹೋದ ಪಾರ್ಕಿಗೆ ಅದೇ ಟಿಕೆಟ್‌ನಲ್ಲಿ ಅದೇ ದಿನ ಮತ್ತೆ ಒಳಗೆ ಬಿಡುತ್ತಾರೆ. ಬೆಳಗಿನ ಜನ ಕಡಿಮೆಯಿರುವಾಗ ದೊಡ್ಡ ರೈಡ್ ಮುಗಿಸಿ, ಹೋಟೆಲಿಗೆ ಹೋಗಿ ಮಕ್ಕಳನ್ನು ಮಲಗಿಸಿ, ಸಂಜೆ ಮತ್ತೆ ಬನ್ನಿ. ಪ್ಯಾಂಡೋರಾಕ್ಕೂ ಡಯಾಗನ್ ಅಲಿಗೂ ಇದೇ ನಿಜವಾದ ಎರಡನೇ ಭೇಟಿ.

ನಮ್ಮಂತೆ ಫ್ಲಾರಿಡಾದಲ್ಲೇ ಇರುವವರಿಗೆ ಡಿಸ್ನಿಯ ಅಗ್ಗದ ಪಾಸ್ ಸಿಗುತ್ತದೆ, ಆದರೆ ಅದು ನಡೆಯುವುದು ಹೆಚ್ಚಾಗಿ ವಾರದ ದಿನಗಳಲ್ಲಿ. ಮಕ್ಕಳು ಶಾಲೆಗೆ ಹೋಗುತ್ತಿದ್ದರೆ ಬೆಲೆ ನೋಡಿ ಮರುಳಾಗಬೇಡಿ, ಕ್ಯಾಲೆಂಡರ್ ಪಕ್ಕದಲ್ಲಿಟ್ಟುಕೊಂಡು ನಿಮಗೆ ಬಿಡುವಿರುವ ದಿನ ಎಣಿಸಿ. ಇನ್ನೂ ಶಾಲೆ ಸೇರದ ಮಗು, ರಜೆ ಹೊಂದಿಸಿಕೊಳ್ಳುವ ಕೆಲಸ ಇದ್ದವರಿಗೆ ಅದು ವರದಾನ. ಮೂರು ವರ್ಷ ತುಂಬದ ಮಕ್ಕಳಿಗೆ ಡಿಸ್ನಿಯಲ್ಲೂ ಯೂನಿವರ್ಸಲ್‌ನಲ್ಲೂ ಟಿಕೆಟ್ಟೇ ಬೇಡ. ಯೂನಿವರ್ಸಲ್ ಪಾಸ್ ಕೊಳ್ಳುವವರು ಯಾವ ಯಾವ ಪಾರ್ಕಿನ ಹೆಸರು ಬರೆದಿದೆ ಎಂದು ಓದಿಯೇ ಕೊಳ್ಳಿ. ಎಪಿಕ್ ಯೂನಿವರ್ಸ್ ತೆರೆದಾಗ ಅದು ಹಳೆಯ ಪಾರ್ಕುಗಳ ಪಾಸ್‌ನಲ್ಲಿ ಸೇರಿರಲಿಲ್ಲ.

ನಿಮ್ಮ ಮನೆಗೆ ಯಾವುದು? ವಿಡಿಯೊ ಗೇಮ್ ಆಡುವ ಮಕ್ಕಳಿದ್ದು, ಆ ವಯಸ್ಸು ದಾಟುವುದರೊಳಗೆ ಎರಡು ಮೂರು ಸಲ ಬರಲು ಸಾಧ್ಯವಿದ್ದರೆ ನಿಂಟೆಂಡೊಗೆ ಹಾಕಿ. ಬ್ಯಾಂಡಿನ ದುಡ್ಡು ಮೊದಲ ದಿನವೇ ಹೋಗುತ್ತದೆ, ಅದನ್ನು ಹಿಂದಿರುಗಿಸುವುದು ನಂತರದ ಭೇಟಿಗಳೇ. ಮಗು 102 ಸೆಂ.ಮೀ. ದಾಟಿಲ್ಲದಿದ್ದರೆ ಒಂದು ವರ್ಷ ತಡೆಯಿರಿ, ಅಷ್ಟರಲ್ಲಿ ಮಾರಿಯೊ ಕಾರ್ಟ್ ಮತ್ತು ರೈಸ್ ಆಫ್ ದಿ ರೆಸಿಸ್ಟೆನ್ಸ್ ಎರಡಕ್ಕೂ ಒಟ್ಟಿಗೇ ಅರ್ಹನಾಗುತ್ತಾನೆ. ಸ್ಟಾರ್ ವಾರ್ಸ್ ಕಥೆಯ ಮೇಲೆ ಪ್ರೀತಿ ಇರುವ ಮನೆಗೆ ಗ್ಯಾಲಕ್ಸೀಸ್ ಎಡ್ಜ್ ಎರಡು ವರ್ಷಕ್ಕೊಮ್ಮೆ ಸಾಕು, ಫಾಲ್ಕನ್‌ನ ಹೊಸ ಯಾನ ಆ ಎರಡನೇ ಸಲಕ್ಕೆ ಒಳ್ಳೆಯ ನೆಪ. ಮನೆಯವರ ರುಚಿ ಒಬ್ಬೊಬ್ಬರದು ಒಂದೊಂದು, ಬಿಸಿಲು ಮಳೆ ಲೆಕ್ಕಿಸದೆ ವರ್ಷದಲ್ಲಿ ನಾಲ್ಕೈದು ಸಲ ಅರ್ಧ ದಿನಕ್ಕೆಂದು ಹೋಗುವವರು ನೀವಾದರೆ ಡಯಾಗನ್ ಅಲಿ. ನನ್ನ ದುಡ್ಡು ಹೋಗುವುದು ಅಲ್ಲಿಗೇ, ಇದನ್ನು ಎರಡು ಸಲ ಯೋಚಿಸದೆ ಹೇಳುತ್ತೇನೆ.

ಊರಿಂದ ಅಪ್ಪ ಅಮ್ಮ ಬಂದಿದ್ದರೆ ಪ್ಯಾಂಡೋರಾ. ಹೋದ ಚಳಿಗಾಲದಲ್ಲಿ ಅತ್ತೆ ಶಾಲು ಹೊದ್ದು, ಸೀರೆಯ ನೆರಿಗೆ ಎತ್ತಿ ಹಿಡಿದು ದೋಣಿಗೆ ಇಳಿದರು. ಹೊರಗೆ ಬಂದ ಮೇಲೆ ಬೆಂಚಿನ ಮೇಲೆ ಕೂತವರು ಮುಕ್ಕಾಲು ಗಂಟೆ ಏಳಲಿಲ್ಲ. ಮೊಮ್ಮಗ ಮಿಣುಕುವ ಚುಕ್ಕೆಗಳ ಮೇಲೆ ಕುಪ್ಪಳಿಸುತ್ತಿದ್ದ. "ನಮ್ಮ ತೋಟದಲ್ಲಿ ಮಳೆ ಹಿಡಿಯೋ ಮುಂಚೆ ಮಿಂಚುಹುಳ ಬರ್ತಾವಲ್ಲ, ಹಾಗೇ ಇದೆ" ಎಂದರು. ಈ ಡಿಸೆಂಬರಿಗೆ ಮತ್ತೆ ಬರುತ್ತಿದ್ದಾರೆ. ಎಲ್ಲಿಗೆ ಹೋಗೋಣ ಎಂದು ಫೋನಿನಲ್ಲಿ ಕೇಳಿದ್ದಕ್ಕೆ "ಆ ನೆಲ ಹೊಳೆಯೋ ಜಾಗಕ್ಕೆ" ಎಂದಿದ್ದಾರೆ. ಪಾರ್ಕ್ ಮುಚ್ಚುವ ಸಮಯ ನೋಡಿಕೊಂಡು ದಿನ ಗೊತ್ತುಮಾಡಬೇಕು.